ಅಕ್ಕನ ಕರೀದು, ತಮ್ಮನ ಬಿಳೀದು

ಆ ಬೀದಿಯಲ್ಲಿ ಎದುರುಬದುರಾಗಿ ಎರಡು ವಿಡಿಯೋ ಗೇಮ್ ಅಂಗಡಿಗಳಿದ್ದವು. ಬಿಸಿಲ ಕಡೆಯದು ಅಕ್ಕನದು. ಅಲ್ಲಿ ಟಿವಿಗೆ ಜೋಡಿಸಿ ಆಡುವ ಕರಿ ಕನ್ಸೋಲು, ಅದರ ಗೇಮುಗಳು ಮಾತ್ರ. ನೆರಳಿನ ಕಡೆಯದು ತಮ್ಮನದು. ಅಲ್ಲಿ ಬಿಳಿ ಕನ್ಸೋಲು, ಅದರ ಗೇಮುಗಳು ಮಾತ್ರ. ಕರೀದರ ಡಿಸ್ಕನ್ನು ಬಿಳೀದು ನುಂಗುವುದಿಲ್ಲ, ಬಿಳೀದರದ್ದನ್ನು ಕರೀದು ಮೂಸಿಯೂ ನೋಡುವುದಿಲ್ಲ.

ಹೀಗೆ ಪಾಲು ಮಾಡಿಕೊಟ್ಟವರು ಅವರಪ್ಪ. ಮಕ್ಕಳಿಬ್ಬರೂ ತೊಟ್ಟಿಲಿನಿಂದಲೇ ಜಗಳಗಂಟರು. ಒಂದೇ ಸರಕು ಕೊಟ್ಟರೆ ಹಟಕ್ಕೆ ಬಿದ್ದು ಬೆಲೆ ಇಳಿಸುತ್ತಾ ಇಳಿಸುತ್ತಾ, ಕೊನೆಗೆ ಗಿರಾಕಿಯ ಕೈಗೇ ದುಡ್ಡಿಟ್ಟು ಕಳಿಸಿಯಾರು ಎಂದು ಆ ಮನುಷ್ಯನಿಗೆ ಭಯ. ಒಬ್ಬರ ಸರಕನ್ನು ಇನ್ನೊಬ್ಬರು ಮಾರಕೂಡದು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡೇ ಅವರು ಕಣ್ಣು ಮುಚ್ಚಿದರು.

ಬೆಲೆಯ ಜಗಳ ತಪ್ಪಿತು, ಬಾಯಿಯ ಜಗಳ ಉಳಿಯಿತು. ಬೆಳಿಗ್ಗೆ ಶಟರ್ ಎತ್ತುವಾಗಲೇ ಶುರು. ಅವಳ ಕರೀದು ಅವನ ಪಾಲಿಗೆ ಇಸ್ತ್ರಿಪೆಟ್ಟಿಗೆ, ಅವನ ಬಿಳೀದು ಅವಳ ಪಾಲಿಗೆ ಸೋಪಿನ ಡಬ್ಬಿ. ಬೀದಿಯವರು ಅದನ್ನು ಕೇಳಿಕೊಂಡೇ ಕೆಲಸಕ್ಕೆ ಹೊರಡುತ್ತಿದ್ದರು. ತಲೆ ನರೆತ ತಮ್ಮನನ್ನು ಅಕ್ಕ ಈಗಲೂ ಕರೆಯುತ್ತಿದ್ದದ್ದು ಪುಟ್ಟ ಎಂದೇ.

ಆ ವರ್ಷ ಒಂದು ಹೊಸ ಗೇಮಿನ ಸುದ್ದಿ ಬಂತು. ದೀಪ ಹಿಡಿದ ಹುಡುಗಿಯೊಬ್ಬಳು ಕಡಲಿನಡಿ ಮುಳುಗಿದ ಊರಿಗೆ ಇಳಿದುಹೋಗಿ, ಅಲ್ಲಿ ನಿದ್ದೆ ಹೋದ ಒಬ್ಬೊಬ್ಬರನ್ನೇ ಎಬ್ಬಿಸುವ ಕಥೆ. ಅದರ ಚಿತ್ರ ನೋಡಿದ ದಿನದಿಂದ ಅಕ್ಕನಿಗೂ ಕನಸಿನಲ್ಲಿ ನೀರೇ ನೀರು. ಎಲ್ಲರೂ ಕಾದರು. ಆದರೆ ಕರಿ ಕನ್ಸೋಲಿನ ಕಂಪನಿಯವರು ಗೇಮು ಮಾಡಿದವರಿಗೆ ಕೈತುಂಬ ಹಣ ಕೊಟ್ಟು, ಅದು ಕರೀದನ್ನು ಬಿಟ್ಟು ಬೇರೆಲ್ಲಿಗೂ ಬರದಂತೆ ಬರೆಸಿಕೊಂಡಿದ್ದರು.

ಅಲ್ಲಿಗೆ ತಮ್ಮನ ಅಂಗಡಿಗೆ ಗ್ರಹಣ ಹಿಡಿಯಿತು. ಅವನ ಹಳೇ ಗಿರಾಕಿಗಳು ಒಬ್ಬೊಬ್ಬರಾಗಿ ತಂತಮ್ಮ ಬಿಳೀದನ್ನು ಬಗಲಲ್ಲಿಟ್ಟುಕೊಂಡು ಬಂದರು, ಬಂದ ಬೆಲೆಗೆ ಅವನಿಗೇ ಮಾರಿ, ಆ ದುಡ್ಡು ಹಿಡಿದು ಬೀದಿ ದಾಟಿ ಅಕ್ಕನ ಅಂಗಡಿಗೆ ನಡೆದರು. ಪಾಪ ಎನಿಸಿ ಯಾರಿಗೂ ಅವನು ಇಲ್ಲವೆನ್ನಲಿಲ್ಲ. ಕಪಾಟು ತುಂಬಿತು, ಕಪಾಟಿನ ಮೇಲೂ ತುಂಬಿತು. ಇತ್ತ ಅಕ್ಕನ ಗಲ್ಲಾಪೆಟ್ಟಿಗೆ ತುಂಬುತ್ತಿತ್ತು, ಊಟಕ್ಕೆ ಕೂತರೂ ಕಣ್ಣು ಮಾತ್ರ ಎದುರಂಗಡಿಯ ಕಡೆಗೇ.

ಅವನು ಅಂಗಡಿ ಮುಚ್ಚುತ್ತಾನಂತೆ, ಆನ್‌ಲೈನ್ ಕಂಪನಿಯೊಂದರ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸಕ್ಕೆ ಸೋಮವಾರದಿಂದ ಬರುತ್ತೇನೆಂದು ಹೇಳಿಬಿಟ್ಟಿದ್ದಾನಂತೆ ಎಂಬ ಸುದ್ದಿ ಅವಳಿಗೆ ಸಿಕ್ಕಿದ್ದು ಬೇರೆಯವರ ಬಾಯಿಂದ. ಹೋಗಿ ಕೇಳಿದಳು. ಹೌದೆಂದ. ಹೊಸ ಗೇಮು ನೀನೂ ಮಾರು ಎಂದಳು. ಅಪ್ಪನಿಗೆ ಮಾತು ಕೊಟ್ಟಾಗಿದೆ ಎಂದ. ಮಾರನೇ ದಿನ ಮತ್ತೆ ಕೇಳಿದಳು. ಅವನು ಕಪಾಟು ಒರೆಸುತ್ತಾ ನಿಂತ. ಹೋಗಲಿ, ಕೈಗಡ ತಗೋ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಂದಿದ್ದರೆ ಅವಮಾನವೆಂದು ಅವನು ಆ ಸಂಜೆಯೇ ಬೀಗ ಜಡಿಯುತ್ತಿದ್ದ.

ಗೇಮು ಬಿಡುಗಡೆಯಾಗುವ ಶನಿವಾರ ಬೆಳಿಗ್ಗೆ ಅಕ್ಕ ಕೆನ್ನೆಗೆ ಶಾಲು ಕಟ್ಟಿಕೊಂಡು, ಗೇಮಿನ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬೀದಿ ದಾಟಿದಳು. ಹಲ್ಲುನೋವು, ತುಟಿ ಬಿಚ್ಚಲಾಗುತ್ತಿಲ್ಲ, ಜನ ಬಂದರೆ ಬೆಲೆ ಚೀಟಿ ನೋಡಿ ಕೊಟ್ಟುಬಿಡು, ಲಾಭದಲ್ಲಿ ಅರ್ಧ ನಿನಗೆ ಎಂದು ತುಟಿ ಬಿಚ್ಚದೆಯೇ ಇಷ್ಟೂ ಹೇಳಿದಳು. ನೋವಿನಲ್ಲಿರುವ ಅಕ್ಕನಿಗೆ ಆಗದು ಎನ್ನುವ ಜಾತಿಯಲ್ಲ ಅವನು. ಪೆಟ್ಟಿಗೆ ಇಳಿಸಿಕೊಂಡ.

ಅವಳು ತನ್ನ ಅಂಗಡಿಯ ಮಹಡಿ ಹತ್ತಿ, ಕಥೆಯ ರಾಣಿಯರು ಹಟ ಹಿಡಿದು ಕದವಿಕ್ಕಿಕೊಳ್ಳುವ ಹಾಗೆ ಕದವಿಕ್ಕಿಕೊಂಡು, ಪರದೆಯ ಸಂದಿಯಲ್ಲಿ ಕಣ್ಣಿಟ್ಟಳು. ಜನ ಬಂದರು. ಮುಚ್ಚಿದ ಶಟರ್ ನೋಡಿ ತಮ್ಮನ ಅಂಗಡಿಗೆ ನುಗ್ಗಿದರು. ಅವಳ ಎದೆ ತಂಪಾಯಿತು. ಆಮೇಲೆ ಒಬ್ಬೊಬ್ಬರೇ ಹೊರಬಂದರು, ಬರಿಗೈಯಲ್ಲಿ. ಒಬ್ಬರಂತೂ ಮೇಲೆ ಅವಳ ಕಿಟಕಿಯತ್ತ ನೋಡಿ ಅಯ್ಯೋ ಎನ್ನುವಂತೆ ತಲೆಯಾಡಿಸಿದರು. ಇದೇನು ಮಾಯೆ ಎಂದು ಅವಳು ತಲೆ ಕೆರೆದುಕೊಳ್ಳುತ್ತಿರುವಾಗ ತಮ್ಮ ಹೊರಬಂದು ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ. ದಪ್ಪ ಅಕ್ಷರಗಳು ಬೀದಿಯಾಚೆಗೂ ಕಾಣುತ್ತಿದ್ದವು:

ಅಕ್ಕನಿಗೆ ಹಲ್ಲುನೋವು. ಹೊಸ ಗೇಮಿಗೆ ನಾಳೆ ಅವಳ ಅಂಗಡಿಗೇ ಬನ್ನಿ.

ಅವಳು ಮೆಟ್ಟಿಲನ್ನು ಇಳಿದಳೋ ಹಾರಿದಳೋ. ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದ ನರ್ಸಮ್ಮನೊಬ್ಬಳು ತಮ್ಮನ ಅಂಗಡಿಯ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದಳು. ಗೇಮು ಕೊಡುವವರೆಗೆ ಏಳುವುದಿಲ್ಲವೆಂದು ಅವಳ ಪಟ್ಟು.

"ಒಂದಾದ್ರೂ ಮಾರಿದ್ಯಾ?" ಎಂದಳು ಅಕ್ಕ.

"ಹಲ್ಲು ಹೇಗಿದೆ?"

"ಹಲ್ಲಿಗೇನು ಬಂದಿದೆ ರೋಗ, ಗಟ್ಟಿಯಾಗಿದೆ. ಕೇಳಿದ್ದಕ್ಕೆ ಹೇಳು."

"ನನಗೂ ಹಾಗೇ ಅನ್ನಿಸ್ತು. ಹಲ್ಲುನೋವಿರೋರು ಅಷ್ಟು ಮಾತಾಡಲ್ಲ." ತಮ್ಮ ಪೆಟ್ಟಿಗೆಯನ್ನು ಅವಳ ಕಡೆ ತಳ್ಳಿದ. "ಅಪ್ಪಂಗೆ ಕೊಟ್ಟ ಮಾತು, ಅಕ್ಕ. ತಗೊಂಡು ಹೋಗು."

ಅವಳು ಕೆನ್ನೆಯ ಶಾಲನ್ನು ಕಿತ್ತು ಮೇಜಿನ ಮೇಲೆ ಒಗೆದಳು.

"ನಾವು ಜಗಳ ಆಡಬಾರ್ದು ಅಂತ ತಾನೇ ಅಪ್ಪ ಮಾತು ತಗೊಂಡಿದ್ದು? ಆಡದೆ ಇದ್ದ ದಿನ ಒಂದಿದೆಯಾ? ನೀನು ಗೋದಾಮಿಗೆ ಹೋದ್ರೆ ಬೆಳಿಗ್ಗೆ ಶಟರ್ ಎತ್ತಿ ನಾನು ಯಾರನ್ನ ಬೈಲಿ, ಪುಟ್ಟ? ಕಂಬಾನಾ?"

ತಮ್ಮ ಕಪಾಟಿನತ್ತ ತಿರುಗಿ, ನೆಟ್ಟಗೇ ಇದ್ದ ಡಬ್ಬಿಗಳನ್ನು ನೆಟ್ಟಗೆ ಮಾಡತೊಡಗಿದ. ಆ ಬೆನ್ನು ಅವಳಿಗೆ ಗೊತ್ತು. ಚಿಕ್ಕವನಿದ್ದಾಗ ಅಳು ಬಂದರೂ ಹೀಗೇ ಗೋಡೆಗೆ ತಿರುಗುತ್ತಿದ್ದ.

"ಮಾರಿದ್ರೆ ನಿನಗಿಂತ ಕಮ್ಮಿಗೇ ಮಾರ್ತೀನಿ," ಎಂದ ಅವನು, ತಿರುಗದೆಯೇ. "ಅಕ್ಕ ಅಂತ ಮುಖ ನೋಡಲ್ಲ."

"ನೋಡಬೇಡ. ನಾನೂ ನಿನ್ನ ಸೋಪಿನ ಡಬ್ಬೀನ ನನ್ನ ಅಂಗಡೀಲಿ ಇಡ್ತೀನಿ. ಈ ಕಪಾಟಿನ ಮೇಲಿರೋದನ್ನೆಲ್ಲ ಇವತ್ತೇ ಕೊಂಡ್ಕೋತೀನಿ. ಬೆಲೆ ಇಳಿಸಿದ್ದೇ ಇಳಿಸಿದ್ದು, ನೋಡ್ತಿರು."

ನರ್ಸಮ್ಮನ ನಿದ್ದೆ ಹಾರಿಹೋಗಿತ್ತು. "ಜಗಳ ನಿಧಾನಕ್ಕೆ ಆಡಿ," ಎಂದಳು. "ಮೊದಲು ಯಾರದು ಕಮ್ಮಿ ಹೇಳಿ, ನಾನು ಮನೆಗೆ ಹೋಗ್ಬೇಕು."

ಅಕ್ಕ ಚೀಟಿಯಲ್ಲಿದ್ದ ಬೆಲೆಗಿಂತ ಹತ್ತು ರೂಪಾಯಿ ಇಳಿಸಿ ಹೇಳಿದಳು. ತಮ್ಮ ಇಪ್ಪತ್ತು ಇಳಿಸಿದ. ಅವಳು ಇಪ್ಪತ್ತೈದು ಎಂದಳು. ಅವನು ಮೂವತ್ತು ಎಂದ. ಅಷ್ಟರಲ್ಲಿ ನರ್ಸಮ್ಮ ಪೆಟ್ಟಿಗೆಗೆ ಕೈಹಾಕಿ ಒಂದನ್ನು ಎತ್ತಿಕೊಂಡು, ದುಡ್ಡನ್ನು ತಮ್ಮನ ಕೈಗಿಟ್ಟು, ಇವರು ಇನ್ನೂ ಇಳಿಯುವುದರೊಳಗೆ ಅಂಗಡಿ ಬಿಟ್ಟಳು. ಹಾಗೆ ಇಳಿದರೆ ಇವರಿಗೆ ಊಟಕ್ಕೇನು ಗತಿ ಎಂದು ಆ ತಾಯಿಗೆ ಚಿಂತೆಯಾಗಿರಬೇಕು.

ತಮ್ಮ ಕೈಯಲ್ಲಿದ್ದ ನೋಟುಗಳನ್ನು ನೋಡಿದ. ಮೂಗು ಒರೆಸಿಕೊಂಡು, ಬಾಗಿಲ ರಟ್ಟನ್ನು ಬಿಚ್ಚಿ ತಂದ. ಆಮೇಲೆ ಗೋದಾಮಿನವರಿಗೆ ಫೋನು ಮಾಡಿ, ಸೋಮವಾರ ಬರಲಾಗುವುದಿಲ್ಲ, ಎದುರಂಗಡಿಯವರ ಕಾಟ ವಿಪರೀತವಾಗಿದೆ, ಬಿಟ್ಟುಬಂದರೆ ನನ್ನ ಗಿರಾಕಿಗಳನ್ನೆಲ್ಲ ಮುಕ್ಕಿಬಿಡುತ್ತಾರೆ ಎಂದು ಹೇಳಿದ. ಅಕ್ಕ ಅದನ್ನು ಕೇಳಿಸಿಕೊಳ್ಳುತ್ತಾ ಮೇಜಿಗೆ ಒರಗಿ ನಿಂತಿದ್ದಳು.

"ಅಕ್ಕ," ಎಂದ ಅವನು, ಫೋನು ಕೆಳಗಿಟ್ಟು. "ಮಾರಬೇಕಾದ್ರೆ ಸರಕು ಗೊತ್ತಿರಬೇಕಲ್ಲ. ನಾನು ಇದುವರೆಗೂ ನಿನ್ನದನ್ನ ಆಡಿಯೇ ಇಲ್ಲ."

ಇಷ್ಟು ವರ್ಷ ಇಸ್ತ್ರಿಪೆಟ್ಟಿಗೆ ಎಂದು ಜರಿದವನು ಒಮ್ಮೆಯೂ ಅದನ್ನು ಮುಟ್ಟಿಲ್ಲವೆಂದು ತಿಳಿದು ಅವಳಿಗೆ ನಗು ತಡೆಯಲಾಗಲಿಲ್ಲ. ಓಡಿಹೋಗಿ ಕರೀದನ್ನು ತಂದಳು. ಟಿವಿಗೆ ಜೋಡಿಸಿ, ಡಿಸ್ಕ್ ಹಾಕಿ, ಕಂಟ್ರೋಲರ್ ಅವನ ಕೈಗಿತ್ತಳು. ಪರದೆಯ ಮೇಲೆ ದೀಪದ ಹುಡುಗಿ ಮೆಲ್ಲಗೆ ನೀರಿಗಿಳಿದಳು. ಅಂಗಡಿಯ ಬಿಳಿ ಗೋಡೆಯೆಲ್ಲ ನೀಲಿಯಾಯಿತು. ತಮ್ಮನ ಹೆಬ್ಬೆರಳಿಗೆ ಯಾವ ಗುಂಡಿ ಎಲ್ಲಿದೆಯೆಂದು ತಿಳಿಯದೆ ಹುಡುಗಿ ಬಂಡೆಗೆ ಡಿಕ್ಕಿ ಹೊಡೆದಳು, ಹಿಂದೆ ನಡೆದಳು, ಕೊನೆಗೆ ಮೀನೊಂದಕ್ಕೆ ನಮಸ್ಕಾರ ಮಾಡಿದಳು.

ಬಾಗಿಲಲ್ಲಿ ಮತ್ತಿಬ್ಬರು ಗಿರಾಕಿಗಳು ಬಂದು ನಿಂತು ಹೊಸ ಗೇಮು ಕೇಳಿದರು.

"ಒಂದ್ನಿಮಿಷ ತಡೀರಿ," ಎಂದ ತಮ್ಮ, ಪರದೆಯಿಂದ ಕಣ್ಣು ಕೀಳದೆ. ಕಂಟ್ರೋಲರಿಗೆ ಕೈಚಾಚಿದ ಅಕ್ಕನನ್ನು ಮೊಣಕೈಯಿಂದ ಆಚೆ ದೂಡಿದ.