ಎಡಗೈಯ ಅಳತೆ

"ಬಿಗಿಯಾಗ್ತಿದೆ," ಎಂದು ಗುದ್ರುನ್ ಎಡಗೈಯ ಗವಸನ್ನು ಕಳಚಿ ಮೇಜಿನ ಮೇಲೆ ಹಾಕಿದಳು. ಬಿಚ್ಚಿ ಮತ್ತೆ ಹೆಣೆದದ್ದು ಇದು ಮೂರನೆಯ ಸಲ.

ಗಂಡ ಟೋರ್ಲೈವ್ ಕಾಫಿ ಬದಿಗಿಟ್ಟು, ಮರ ಕಡಿಯುವ ತನ್ನ ಕೈಯನ್ನು ಅದರೊಳಗೆ ತೂರಿಸಿದ. ಸಲೀಸಾಗಿ ಹೋಯಿತು.

"ಇಂಗ್ರಿ ಮದುಮಗಳು ಮಾರಾಯ್ತಿ, ಕರಡಿ ಅಲ್ಲ."

ಅವರ ಊರು ಸೆಲ್ಬುವಿನಲ್ಲಿ ಮದುವೆಯೆಂದರೆ ಮನೆಯಲ್ಲಿ ಹೆಣೆದ ಕೈಗವಸು ಆಗಲೇಬೇಕು. ತಂಗಿಯ ಮಗಳು ಇಂಗ್ರಿಯ ಕೈ ಗುದ್ರುನ್‌ಳ ಕೈಯಷ್ಟೇ. ಹತ್ತು ವರ್ಷದಿಂದ ತನ್ನ ಕೈಗೇ ತೊಟ್ಟು ನೋಡಿ ಅವಳಿಗೆ ಹೆಣೆದಿದ್ದಳು. ಹೆಣಿಗೆಯ ಕುಣಿಕೆ ಎಣಿಸುವುದು ಕಲಿಯುವವರ ಕೆಲಸ ಎಂಬುದು ಅವಳ ಲೆಕ್ಕ. ಮದುವೆ ಶನಿವಾರ. ಆಗದಿದ್ದರೆ ಅಂಗಡಿಯದೇ ಸಾಕೆಂದು ತಂಗಿ ಮೆಲ್ಲಗೆ ಹೇಳಿಯೂ ಆಗಿತ್ತು. ಆ ಮೆಲ್ಲಗೆಯೇ ಗುದ್ರುನ್‌ಳನ್ನು ಚುಚ್ಚುತ್ತಿತ್ತು.

ಎರಡು ಚಳಿಗಾಲದ ಹಿಂದೆ ಮಂಜುಗಡ್ಡೆಯ ಮೇಲೆ ಜಾರಿ ಎಡ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಉರಿ ಹೋಗಲಿಲ್ಲ. ಯಾರದೋ ಊದಿದ ಕೈ ತನ್ನ ತೋಳಿಗೆ ಜೋತುಬಿದ್ದಂತೆ ಅನಿಸುತ್ತಿತ್ತು. ನೋಡಿದರೆ ಊತವೇ ಇಲ್ಲ. ಟೋರ್ಲೈವ್ ಅದಕ್ಕೆ ಎಡವಟ್ಟು ಎಂದು ಹೆಸರಿಟ್ಟಿದ್ದ.

ಈಗ ಅವನು ಕುತ್ತಿಗೆ ವಾಲಿಸಿ, ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಹುಡುಗಿಯ ರಾಗ ತೆಗೆದ. "ಕೈ ಇದ್ದಷ್ಟೇ ಇದೆ ಗುದ್ರುನ್. ನೋವು ತಿಂದೂ ತಿಂದೂ ಮಿದುಳು ಅದನ್ನ ದೊಡ್ಡದಾಗಿ ಬರ್ಕೊಂಡುಬಿಟ್ಟಿದೆ, ಅಷ್ಟೆ."

"ಅಷ್ಟೆ." ನಗು ಬಂದಿತ್ತು, ತುಟಿಯವರೆಗೆ ತರಲು ಸುಸ್ತು. "ಅವಳಿಗೇನಂತೆ. ಕೈ ಕೊಟ್ಟಿದ್ದು ನಂಗೆ."

"ನಂಗೂ ಕೊಡು. ಎರಡನ್ನೂ."

ಹಿಟ್ಟಿನ ಕಾಗದದ ಚೀಲ ಹರಿದು ಹರಡಿ, ಅದರ ಮೇಲೆ ಅವಳ ಕೈಗಳನ್ನು ಇರಿಸಿಕೊಂಡು ಪೆನ್ಸಿಲಿನಿಂದ ಅಂಚು ಎಳೆದ. ಎಡಗೈಯ ಹತ್ತಿರ ಉಸಿರು ಬಿಗಿಹಿಡಿದು, ಚರ್ಮಕ್ಕೆ ಸೋಕದಂತೆ ಎಳೆದ. ಕತ್ತರಿಸಿ ಒಂದರ ಮೇಲೊಂದು ಮಗುಚಿಟ್ಟ. ಎಲ್ಲೂ ಹೆಚ್ಚುಕಡಿಮೆಯಿಲ್ಲ.

"ಇದ್ರಲ್ಲಿ ಎಡ ಯಾವ್ದು?" ಎಂದಳು ಗುದ್ರುನ್, ತುಸು ಹೊತ್ತು ನೋಡಿ.

ಟೋರ್ಲೈವ್ ತಿರುಗಿಸಿದ, ಮಗುಚಿದ. "ಗೊತ್ತಾಗ್ತಿಲ್ಲ."

"ಹಾಗಾದ್ರೆ ನನ್ನ ಕೈಗೆ ತೊಟ್ಟು ನೋಡ್ಬಾರ್ದು ಅಂತೀಯಾ?"

"ಸುಳ್ಳು ಹೇಳೋರ ಹತ್ರ ಅಳತೆ ಯಾಕೆ ಕೇಳ್ತೀಯ."

ಅವಳು ನೂಲಿನ ತುದಿ ಹುಡುಕಿ ಎಳೆದಳು. ಕಪ್ಪುಬಿಳಿ ಹೂವುಗಳು ಸಾಲುಸಾಲಾಗಿ ಬಿಚ್ಚಿಕೊಂಡವು. ಕಡ್ಡಿಗೆ ಮತ್ತೆ ಕುಣಿಕೆ ಹಾಕಿ, ಕಲಿಯುವವಳಂತೆ ತುಟಿಯಾಡಿಸುತ್ತ ಎಣಿಸತೊಡಗಿದಳು.

ಶುಕ್ರವಾರ ಮಧ್ಯಾಹ್ನ ಕೊನೆಯ ಗಂಟು ಬಿತ್ತು. ಗುದ್ರುನ್ ಗವಸನ್ನು ಕಾಗದದ ಕೈಗೆ ತೊಡಿಸಿದಳು. ಹೆಬ್ಬೆರಳ ತುದಿಯವರೆಗೂ ಸರಿಯಾಗಿ ಕೂತಿತು. ಮಡಿಲಲ್ಲಿದ್ದ ಎಡಗೈಯನ್ನು, ಬಾಗಿಲಿಗೆ ತಾಗೀತೆಂಬಂತೆ ಹುಷಾರಾಗಿ ಒಳಕ್ಕೆ ಸರಿಸಿಕೊಂಡಳು. ಬಾಗಿಲು ಕೋಣೆಯ ಆಚೆ ಬದಿಯಲ್ಲಿತ್ತು.