ರಾಯಣ್ಣನ ಪಿಸ್ತೂಲು

ಟಣ್ಣನೆ ಚಿಮ್ಮಿದ ಸ್ಪ್ರಿಂಗು ಪುಷ್ಪಾವತಿಯ ಹಿಟ್ಟಿನ ಪರಾತಕ್ಕೆ ಬಂದು ಬಿತ್ತು. ಬಿದ್ದದ್ದನ್ನು ಅವಳು ಕಂಡಳು. ಕಂಡೂ ಕಾಣದವಳಂತೆ ಅದರ ಮೇಲೆ ಒಂದು ಹಿಡಿ ಜೋಳದ ಹಿಟ್ಟು ಸರಿಸಿ, ಇನ್ನೊಂದು ಅಂಚಿನಲ್ಲಿ ಬಿಸಿನೀರು ಹೊಯ್ದು ನಾದತೊಡಗಿದಳು.

"ಎಲ್ಲಿ ಬಿತ್ತು ನೋಡ ಲಗೂನ," ಎಂದ ಗಂಡ ಕಳಕಪ್ಪ.

"ನಿಮ್ಮ ಸಾಮಾನ ನೀವ ಹುಡುಕ್ಕೋರಿ. ನನ್ನ ಕೈ ಹಿಟ್ಟಿನ್ಯಾಗ ಅದಾವು."

ಅವನು ಪಡಸಾಲೆಯ ನಡುವೆ ಟವೆಲ್ ಹಾಸಿ, ತೀರಿಹೋದ ಅಪ್ಪನ ಪಿಸ್ತೂಲನ್ನು ಕೋಳಿ ಕೊಯ್ದು ಹರವಿದಂತೆ ಹರವಿಕೊಂಡು ಕೂತಿದ್ದ. ಹಿಡಿಕೆಯ ಕಟ್ಟಿಗೆ ಒಂದು ಕಡೆ, ಆರು ತೂತಿನ ಗುಂಡಿನ ಚಕ್ರ ಒಂದು ಕಡೆ, ಸ್ಕ್ರೂಗಳು ಚಹಾದ ಬಸಿಯಲ್ಲಿ. ನೀರಿನ ತಂಬಿಗೆಗೆ ಆನಿಸಿಟ್ಟ ಮೊಬೈಲಿನಲ್ಲಿ ಬೋಳುತಲೆಯ ವಿದೇಶಿಯೊಬ್ಬ ಇಂಥದ್ದೇ ಪಿಸ್ತೂಲು ಬಿಚ್ಚಿ ತೋರಿಸುತ್ತಿದ್ದ. ಅವನ ಮಾತು ಒಂದೂ ತಿಳಿಯದೆ ಸಿಟ್ಟು ಬಂದು ಕಳಕಪ್ಪ ಸದ್ದನ್ನೇ ತೆಗೆದುಬಿಟ್ಟಿದ್ದ. ಬಿಚ್ಚುವುದೇನು ಮಹಾ, ಹುಚ್ಚನೂ ಬಿಚ್ಚುತ್ತಾನೆ. ಒಂಬತ್ತಕ್ಕೆ ಕೂತವನು ಹನ್ನೆರಡಾದರೂ ಎರಡು ತುಂಡು ಕೂಡಿಸಿರಲಿಲ್ಲ.

"ಸಂಜಿ ಅನ್ನೂದ್ರಾಗ ಇದು ರಿಪೇರಿ ಆಗಬೇಕು," ಎಂದ. "ಸಂಜಿಗೆ ಬೀರ್ಯಾ ಹೊಲಕ್ಕ ಬರ್ತಾನ. ನಿನ್ನೆ ನಕ್ಕಾನಲ್ಲ, ಇವತ್ತೂ ನಗಲಿ, ನೋಡ್ತೀನಿ."

ಬೀರ್ಯಾ ಎಂದರೆ ಬೀರಲಿಂಗ, ಅವನ ಒಡಹುಟ್ಟಿದ ತಮ್ಮ. ಲಕ್ಕಲಕಟ್ಟಿಯ ಈ ಓಣಿಯಲ್ಲಿ ಎದುರುಮನೆಯೇ ಅವನದು. ನಿನ್ನೆ ತನ್ನ ಹೊಲದ ಹೆಸರುಬೆಳೆ ಕಿತ್ತು ಹಿಂಗಾರಿಗೆ ನೆಲ ಹದ ಮಾಡುವಾಗ, ಟ್ರ್ಯಾಕ್ಟರ್ ತಿರುಗಿಸುತ್ತ ಇಬ್ಬರ ನಡುವಿನ ಬದುವನ್ನು ಎರಡು ಮೊಳ ಕೆದರಿದ್ದ. ಎರಡು ಮೊಳ ಮಣ್ಣು, ಅಷ್ಟೇ. ಮಾತಿಗೆ ಮಾತು ಬೆಳೆಯಿತು. ಕಳಕಪ್ಪ ಮನೆಗೆ ಓಡಿಬಂದು ಟ್ರಂಕಿನಿಂದ ಪಿಸ್ತೂಲು ತೆಗೆದು, ಆರು ಗುಂಡು ತುಂಬಿಕೊಂಡು ಹೊಲಕ್ಕೆ ತಿರುಗಿದ. ಪುಷ್ಪಾವತಿ ಬಿಚ್ಚಿದ ತಲೆಯಲ್ಲೇ ಬೆನ್ನು ಹತ್ತಿ ಓಡಿದಳು. ಅವಳು ಬದು ಮುಟ್ಟುವಾಗ ಹತ್ತು ಹೆಜ್ಜೆ ದೂರದಿಂದ ತಮ್ಮನ ಎದೆಗೆ ಗುರಿ ಹಿಡಿದು ಗಂಡ ಟ್ರಿಗರ್ ಒತ್ತುತ್ತಿದ್ದ. ಒಂದು ಸಲ ಒತ್ತಿದ. ಹಾರಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಒತ್ತಿದ. ಆಗಲೂ ಹಾರಲಿಲ್ಲ.

ಬೀರಲಿಂಗನ ಮುಖ ಮೊದಲು ಬಿಳಿಚಿತು. ಆಮೇಲೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣಾ, ವರ್ಷಾ ವರ್ಷಾ ಅರಿಶಿಣ ಕುಂಕುಮ ಹಚ್ಚಿ ಹಚ್ಚಿ ಅದನ್ನ ಮದಲಗಿತ್ತಿ ಮಾಡಿಟ್ಟೀಯಲ್ಲೋ! ನಾಚಿಗೊಂಡು ಕುಂತೈತಿ, ಹ್ಯಾಂಗ ಹಾರತೈತಿ?" ಪಕ್ಕದ ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದ ಆಳುಗಳೂ ನಕ್ಕರು. ಆ ನಗೆ ಕಳಕಪ್ಪನ ಕಿವಿಯಿಂದ ಇನ್ನೂ ಹೋಗಿಲ್ಲ.

ನಿನ್ನೆ ಸಂಜೆಯೇ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನ್ಯಾಯ ಮುಗಿಸಿದ್ದರು. "ಅಣ್ಣ ತಮ್ಮರ ಜಗಳ. ಪಿಸ್ತೂಲ ಕೆಟ್ಟಿತ್ತು, ಏನೂ ಆಗಿಲ್ಲ. ಪೊಲೀಸ್ರ ಮಟಾ ಯಾಕ ಒಯ್ತೀರಿ?" ಅತ್ತೆ ಹೊಳೆವ್ವ, "ಇಟಗಿ ಭೀಮವ್ವ ನನ್ನ ಇಬ್ಬರೂ ಮಕ್ಕಳನ್ನ ಕಾಯ್ದಳು" ಎಂದು ದೇವಿಗೆ ಐದು ಕಾಯಿ ಹರಕೆ ಹೊತ್ತಳು. ಎಲ್ಲರೂ ಉಂಡು ಮಲಗಿದರು.

ಏನೂ ಆಗಿಲ್ಲವಂತೆ! ಆ ಮಾತು ಕೇಳಿದಾಗಿನಿಂದ ಪುಷ್ಪಾವತಿ ಕುದಿಯುತ್ತಿದ್ದಳು. ಒಬ್ಬ ಮನುಷ್ಯ ತನ್ನ ಜೊತೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವನ ಎದೆಗೆ ಎರಡು ಸಲ ಒತ್ತಿದ್ದಾನೆ, ಏನೂ ಆಗಿಲ್ಲವೆಂದರೆ ಆಗುವುದು ಅಂದರೆ ಇನ್ನೇನು? ಗಂಡನಿಗೂ ನಾಚಿಕೆಯಾಗಿತ್ತು, ಅದೂ ಒತ್ತಿದ್ದಕ್ಕಲ್ಲ, ಹಾರದೆ ಇದ್ದುದಕ್ಕೆ. ಬೆಳಿಗ್ಗೆ ಎದ್ದವನೇ ತಮ್ಮನ ಮುಖ ನೆನೆಯಲಿಲ್ಲ, ಸ್ಕ್ರೂಡ್ರೈವರ್ ಹುಡುಕಿದ.

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು, ಅದು ಅವಳೊಬ್ಬಳಿಗೇ ಗೊತ್ತು. ಪಿಸ್ತೂಲು ಕೆಟ್ಟಿರಲಿಲ್ಲ.

ಮಾವ ರಾಯಣ್ಣ ರೋಣದ ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ಕಾವಲಿದ್ದವನು. ಗಿರಣಿ ಮುಚ್ಚಿದಾಗ ಮಾಲೀಕರು ಆ ಪಿಸ್ತೂಲನ್ನು ಅವನ ಹೆಸರಿಗೇ ಲೈಸೆನ್ಸ್ ಮಾಡಿಸಿ ಕೊಟ್ಟರು. ಮನೆಗೆ ಬಂದ ಮೇಲೆ ಅದು ಒಂದು ಗುಂಡೂ ಹಾರಿಸಲಿಲ್ಲ. ಮಹಾನವಮಿಯ ಖಂಡೆಪೂಜೆಗೆ ಕುಡಗೋಲು, ಕೊಡಲಿಗಳ ಜೊತೆ ದೇವರ ಜಗುಲಿ ಏರುವುದು, ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುವುದು, ಇಷ್ಟೇ ಅದರ ತಿರುಗಾಟ. ಖಂಡೆಯನ್ನು, ಎಂದರೆ ಪೂಜೆಯ ಆಯುಧವನ್ನು, ಹೆಂಗಸರು ಮುಟ್ಟಬಾರದು ಎಂಬುದು ಈ ಮನೆಯ ಪದ್ಧತಿ. ಆದರೆ ಕೈ ನಡುಗಿ ಕಣ್ಣಿಗೆ ಪೊರೆ ಬಂದ ಮೇಲೆ ರಾಯಣ್ಣ, ಹಬ್ಬದ ಹಿಂದಿನ ದಿನ ಸೊಸೆಯನ್ನು ಒಳಕೋಣೆಯಲ್ಲಿ ಕೂರಿಸಿ, ಕದ ಮುಚ್ಚಿ, ಬಾಯಿಂದ ಹೇಳಿ ಹೇಳಿ ಅವಳ ಕೈಯಿಂದಲೇ ಬಿಚ್ಚಿಸುತ್ತಿದ್ದ. ಹೋದ ವರ್ಷದ ಅರಿಶಿಣ ಎಣ್ಣೆಗೆ ಮೆತ್ತಿ ಅಂಟಾಗಿರುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮತ್ತೆ ಜೋಡಿಸಬೇಕು. ಮಗ ಕಳಕಪ್ಪನನ್ನು ಕರೆದರೆ ಅವನು ಕಟ್ಟೆಯ ಮೇಲಿನ ಹರಟೆ ಬಿಟ್ಟು ಬಂದರೆ ತಾನೆ! ಮರುದಿನ ಮಾತ್ರ ಕಳಕಪ್ಪ ಹೊಸ ಪಟಗ ಸುತ್ತಿಕೊಂಡು, ಫಳಫಳ ಹೊಳೆಯುವ ಪಿಸ್ತೂಲನ್ನು ತಾನೇ ತೊಳೆದವನ ಹಾಗೆ ಜಗುಲಿಗೆ ಏರಿಸುತ್ತಿದ್ದ. ಏಳು ವರ್ಷ ಹೀಗೇ ನಡೆಯಿತು.

"ನೋಡವಾ," ಎಂದು ರಾಯಣ್ಣ ಅವಳ ಹೆಬ್ಬೆರಳನ್ನು ಹಿಂದಿನ ಕುದುರೆಯ, ಎಂದರೆ ಗುಂಡಿಗೆ ಬಡಿಯುವ ಕೊಕ್ಕೆಯ ಮೇಲೆ ಇಡಿಸಿ ಹೇಳಿದ್ದ. "ಇದು ಪೊಲೀಸ್ರ ಹೊಸಾ ಪಿಸ್ತೂಲಿನಂಗ ಅಲ್ಲ. ಬರೇ ಟ್ರಿಗರ್ ಒತ್ತಿದ್ರ ಹಾರಂಗಿಲ್ಲ. ಮದಲ ಹೆಬ್ಬಟ್ಟಿಲೆ ಈ ಕುದುರಿ ಪೂರಾ ಹಿಂದಕ್ಕ ಎಳೀಬೇಕು, ಆಮ್ಯಾಲ ಬಟ್ಟಿಲೆ ಒತ್ತಬೇಕು. ನಡುವ ಒಂದು ಉಸುರು ಸಿಗತೈತಿ. ಸಿಟ್ಟು ಇಳಸಾಕ ಅಷ್ಟು ಸಾಕು."

ಕುದುರೆ ಎಳೆದರೆ ಬರುತ್ತದೆ ಎಂಬುದು ಕಳಕಪ್ಪನಿಗೂ ಗೊತ್ತಿತ್ತು. ಆದರೆ ಟ್ರಿಗರ್ ಒತ್ತಿದರೆ ಅದು ತಾನಾಗಿಯೇ ಹಿಂದೆ ಹೋಗಿ ಬಡಿಯಬೇಕು, ಸಿನಿಮಾದಲ್ಲಿ ಹಾಗೇ ಆಗುತ್ತದೆ ಎಂದು ಅವನ ಲೆಕ್ಕ. ಹಾಗಾಗದ್ದಕ್ಕೆ ಸ್ಪ್ರಿಂಗು ಸತ್ತಿದೆ ಎಂದು ಬಿಚ್ಚಿ ಕೂತಿದ್ದ. ಬಿಚ್ಚಿಕೊಂಡೇ ಕೂತಿರಲಿ ಎಂದು ಪುಷ್ಪಾವತಿ ಹಿಟ್ಟು ನಾದುತ್ತಿದ್ದಳು. ಅವನ ಅಜ್ಞಾನವೊಂದೇ ಮೈದುನನ ಜೀವಕ್ಕೆ ಕಾವಲು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದುಕೊಂಡಿದ್ದಳು.

ಆಗ ಕಳಕಪ್ಪ ಫೋನು ಎತ್ತಿಕೊಂಡ.

"ಜಂಗ್ಲಿಸಾಬ್ ಕಾಕಾ, ನಾ ಲಕ್ಕಲಕಟ್ಟಿ ಕಳಕಪ್ಪ. ಅಪ್ಪನ ಪಿಸ್ತೂಲು ಕೆಟ್ಟು ನಿಂತೈತಿ. ಒಂದೀಟು ನೋಡಿ ಕೊಡ್ರಿ."

ಜಂಗ್ಲಿಸಾಬ ಅದೇ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು, ಈಗ ಗಜೇಂದ್ರಗಡದಲ್ಲಿ ಪಂಪಿನ ಮೋಟಾರು ಕಟ್ಟುತ್ತಾನೆ. ಮುದುಕನ ಧ್ವನಿ ಸ್ಪೀಕರಿನಲ್ಲಿ ಅಡುಗೆಮನೆಯವರೆಗೂ ಕೇಳಿಸಿತು.

"ಅಯ್ಯೋ ತಮ್ಮಾ, ಬಂದೂಕಿನ ಕೆಲಸಾ ನಾ ಮುಟ್ಟಾಂಗಿಲ್ಲ, ಕಾಯ್ದೆ ಐತಿ. ಬರೇ ಏನಾಗೇತಿ ಅಂತ ನೋಡಿ ಹೇಳ್ತೀನಿ ಬೇಕಾದ್ರ. ನಿಮ್ಮಪ್ಪನ ಪಿಸ್ತೂಲು ನನಗ ಗೊತ್ತಿಲ್ಲದ್ದೇನು? ನಾಕ ಗಂಟೇಕ ಆ ಕಡೆ ಬರಾವದೀನಿ."

ಪುಷ್ಪಾವತಿಯ ಕೈ ನಿಂತಿತು. ಜಂಗ್ಲಿಸಾಬನಿಗೆ ಒಂದು ನೋಟ ಸಾಕು. 'ಹುಚ್ಚಪ್ಪಾ, ಕೆಟ್ಟಿಲ್ಲಿದು, ಕುದುರಿ ಎಳದಿಲ್ಲ ನೀ' ಎಂದು ನಕ್ಕು ಹೇಳಿಕೊಡುತ್ತಾನೆ, ಯಾಕೆ ಬೇಕೆಂದು ಅವನಿಗೇನು ಗೊತ್ತು? ನಾಲ್ಕಕ್ಕೆ ಇವನು ಕಲಿಯುತ್ತಾನೆ, ಐದಕ್ಕೆ ಹೊಲಕ್ಕೆ ಹೋಗುತ್ತಾನೆ. ಕಲಿಯುವುದು ತಪ್ಪದೆಂದ ಮೇಲೆ ಯಾರ ಕೈಯಲ್ಲಿ ಕಲಿಯುತ್ತಾನೆ ಎಂಬುದಷ್ಟೇ ಉಳಿಯಿತು.

ಅವಳು ಪರಾತದ ಹಿಟ್ಟಿನೊಳಗಿಂದ ಸ್ಪ್ರಿಂಗು ತೆಗೆದು ಸೆರಗಿಗೆ ಒರೆಸಿಕೊಂಡು ಬಂದಳು. ಕಳಕಪ್ಪನ ಮಗ್ಗುಲಲ್ಲಿ ಬಟ್ಟಲಿನಲ್ಲಿದ್ದ ಆರೂ ಗುಂಡುಗಳನ್ನು ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸರೀರಿ ಆ ಕಡೆ."

"ಏ, ಹೆಂಗಸು ನೀ, ಖಂಡೇಕ ಕೈ ಹಚ್ಚಬ್ಯಾಡ!"

"ಏಳು ವರ್ಷ ಹಚ್ಚೀನಿ. ನೀವು ಹೊತ್ತು ಮೆರೆದಿದ್ದು ನನ್ನ ಕೈಲೆ ತೊಳೆದದ್ದನ್ನ."

ಅವಳು ಟವೆಲನ್ನು ತನ್ನ ಕಡೆ ಎಳೆದುಕೊಂಡು ಕೂತಳು. ಉದ್ದ ಸ್ಕ್ರೂ ಯಾವುದು, ಗಿಡ್ಡ ಸ್ಕ್ರೂ ಯಾವುದು, ಯಾವ ತುಂಡು ಕೂತ ಮೇಲೆ ಯಾವುದು ಎಂದು ಬೆರಳುಗಳು ತಾವೇ ಹುಡುಕಿಕೊಂಡು ಹೋದವು. ಒಂದು ಕಡೆ ಬೆರಳು ಜಾರಿ ಉಗುರಿನ ಸಂದಿಯಲ್ಲಿ ರಕ್ತ ಬಂತು. ಬಾಯಲ್ಲಿಟ್ಟು ಚೀಪಿ, ಸಿಟ್ಟಿನಿಂದಲೇ ಸ್ಕ್ರೂ ಬಿಗಿ ಮಾಡಿದಳು. ಮೂರು ತಾಸು ಅವನಿಂದ ಆಗದ್ದು ಅರ್ಧ ತಾಸಿನಲ್ಲಿ ಮುಗಿಯಿತು. ಚಕ್ರ ತಿರುಗಿಸಿ ಆರೂ ತೂತುಗಳನ್ನು ಒಂದೊಂದಾಗಿ ಅವನ ಕಣ್ಣಿಗೆ ಹಿಡಿದಳು.

"ಖಾಲಿ ಐತಿಲ್ಲೊ?"

"ಖಾಲಿ ಐತಿ. ಆದ್ರ ನೀ ಇದನ್ನೆಲ್ಲಾ ಯಾವಾಗ..."

ಅವಳು ಪಿಸ್ತೂಲನ್ನು ಅವನ ಎದೆಗೆ ಹಿಡಿದು ಟ್ರಿಗರ್ ಒತ್ತಿದಳು. ಏನೂ ಆಗಲಿಲ್ಲ. "ನಿನ್ನೆ ನೀ ಇಷ್ಟ ಮಾಡಿದ್ದು. ನೋಡಿದಿ? ಈಗ ಇದನ್ನೂ ನೋಡು."

ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆ ಎಳೆದಳು. ಕಟ್, ಕಟ್, ಕಟ್ ಎಂದು ಅದು ಪೂರಾ ಹಿಂದೆ ಹೋಗಿ ನಿಂತಿತು. ಖಾಲಿ ಎಂದು ಗೊತ್ತಿದ್ದೂ ಕಳಕಪ್ಪ ಕೂತಲ್ಲೇ ಸರಿದು ಸರಿದು ಗೋಡೆಗೆ ಆತುಕೊಂಡ. ಅವನ ಎರಡೂ ಕೈಗಳು ತಾವಾಗಿಯೇ ಎದೆಗೆ ಬಂದಿದ್ದವು.

"ಪುಷ್ಪಾ, ಬ್ಯಾಡ... ಪುಷ್ಪಾ!"

ಅವಳು ಒತ್ತಿದಳು. ಕುದುರೆ ಠಪ್ಪೆಂದು ಬಡಿಯಿತು.

"ಕೆಟ್ಟಿರಲಿಲ್ಲ ಇದು," ಎಂದಳು. "ಹಿರ್ಯಾರು ಏನೂ ಆಗಿಲ್ಲ ಅಂದ್ರು. ನಿಮ್ಮವ್ವ ಭೀಮವ್ವ ಕಾಯ್ದಳು ಅಂದಳು. ಯಾರೂ ಕಾಯ್ದಿಲ್ಲ. ನಿನಗ ಬರ್ತಿರಲಿಲ್ಲ, ಅದಕ್ಕ ಅಂವ ಉಳದಾನ. ಬಂದಿದ್ರ ನಿನ್ನೆ ಮಧ್ಯಾಹ್ನನ ಅವನ ಹೆಣಾ ಹೊರತಿದ್ದಿ. ಎರಡು ಮೊಳ ಮಣ್ಣಿಗೆ!"

ಕಳಕಪ್ಪ ಪಿಸ್ತೂಲಿನ ತುದಿಯನ್ನೇ ನೋಡುತ್ತಿದ್ದ. "ನಾ ಒತ್ತಿದ್ನಲ್ಲ," ಎಂದ.

"ಎರಡು ಸಲ ಒತ್ತಿದಿ. ನಾ ನೋಡೀನಿ."

ಅವನು ಎದ್ದು ಬಚ್ಚಲಿಗೆ ಹೋದ. ಮುಖಕ್ಕೆ ತಂಬಿಗೆ ತಂಬಿಗೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಪುಷ್ಪಾವತಿಗೆ ಅಯ್ಯೋ ಎನಿಸಲಿಲ್ಲ. ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿ, ಮಾವ ತೀರಿದ ಮೇಲೆ ಗಂಡನ ಹೆಸರಿಗಾದ ಲೈಸೆನ್ಸಿನ ಪುಸ್ತಕವನ್ನು ಟ್ರಂಕಿನಿಂದ ತೆಗೆದು ಇಟ್ಟುಕೊಂಡು ಕಾದಳು. ಒದ್ದೆ ಮುಖದಲ್ಲಿ ಅವನು ಹೊರಬಂದಾಗ ಅಂಗಿ ಎಸೆದು, "ಹಾಕ್ಕೊ. ಗಜೇಂದ್ರಗಡದ ಠಾಣೇಕ ಹೋಗೂನು. ನನಗ ಇದು ಬ್ಯಾಡ ಅಂತ ಬರದು ಕೊಡು," ಎಂದಳು. ಅವನು ಗುಂಡಿ ಹಾಕಿಕೊಂಡ.

ಅಂಗಳದಲ್ಲಿ ಪುಷ್ಪಾವತಿ ಟವೆಲಿನ ಗಂಟು ಹಿಡಿದು ನಿಂತಳು. ಮೋಟಾರ್ ಸೈಕಲ್ ಎಷ್ಟು ಒದ್ದರೂ ಚಾಲೂ ಆಗಲಿಲ್ಲ. ಮೂರು ಸಲ ಕಿಕ್ ಜಾರಿ ಮೊಳಕಾಲಿಗೆ ಬಡಿಯಿತು. ಎದುರುಮನೆಯ ಬಾಗಿಲಲ್ಲಿ ಬರೀ ಬನಿಯನ್ನಿನಲ್ಲಿ ನಿಂತು ಬೀರಲಿಂಗ ಇದನ್ನೆಲ್ಲ ನೋಡುತ್ತಿದ್ದ.

"ಯಾಕೋ, ಗಾಡೀನೂ ಕೆಟ್ಟೈತೇನು?" ಎಂದು ನಕ್ಕ.

ಅಣ್ಣ ತಲೆ ಎತ್ತದೆ ಇನ್ನೊಮ್ಮೆ ಒದ್ದ. ಬೀರಲಿಂಗ ಓಣಿ ದಾಟಿ ಬಂದ.

"ಸರಿ ಅತ್ತಾಗ. ಪೆಟ್ರೋಲ್ ಚಾವೀನ ಬಂದ್ ಐತಿ, ಹ್ಯಾಂಗ ಚಾಲೂ ಆಗತೈತಿ?" ಎನ್ನುತ್ತ ಅಣ್ಣನ ಕಾಲ ಬಳಿ ಬಗ್ಗಿ ಟಾಂಕಿಯ ಕೆಳಗೆ ಕೈ ಹಾಕಿ ಅದನ್ನು ತಿರುಗಿಸಿದ. ಅವನ ಬನಿಯನ್ ಬೆನ್ನಿನಲ್ಲಿ ಅಂಗೈಯಗಲ ಹರಿದಿತ್ತು. ಅಲ್ಲಿ ಬೆವರಿಗೆ ಹೊಲದ ಕರಿಮಣ್ಣು ಹತ್ತಿಕೊಂಡಿತ್ತು. ಕಳಕಪ್ಪ ಅದನ್ನೇ ನೋಡುತ್ತ ನಿಂತ.

ಬೀರಲಿಂಗ ಎದ್ದು ಒಂದೇ ಒದೆತಕ್ಕೆ ಗಾಡಿ ಚಾಲೂ ಮಾಡಿದ. "ಹಿಡೀ ಇನ್ನ," ಎಂದ.

ಕಳಕಪ್ಪ ಹಿಡಿಯಲಿಲ್ಲ. "ನಿನ್ನೆ ಅದು ಕೆಟ್ಟಿರಲಿಲ್ಲೋ," ಎಂದ. ತಮ್ಮ ಹ್ಯಾಂಡಲ್ ಹಿಡಿದುಕೊಂಡೇ ಅಣ್ಣನ ಮುಖ ನೋಡಿದ. ನಗು ನಿಂತಿತು. ಇಬ್ಬರ ನಡುವೆ ಗಾಡಿ ಗುಡುಗುಡು ಎನ್ನುತ್ತ ನಿಂತಲ್ಲೇ ಹೊಗೆ ಬಿಡುತ್ತಿತ್ತು.