ಜೆಯಂತಿ ಬರೆದ ಹನ್ನೊಂದು ಪುಟ

ತಮಿಳುನಾಡಿನ ಕಂಬಂ ಬಳಿಯ ಒಂದು ಊರಿನ ಅರವತ್ತೆರಡು ಮನೆಗಳ ಇಂಟರ್ನೆಟ್ ಒಂದೇ ಮಾದರಿಯ ಹಳೆಯ ರೂಟರ್‌ಗಳ ಮೇಲೆ ನಡೆಯುತ್ತಿತ್ತು. ತಯಾರಿಸಿದ ಕಂಪನಿ ಅವನ್ನು ಕೈಬಿಟ್ಟು ವರ್ಷಗಳಾಗಿದ್ದವು. ಜಾಲವನ್ನು ನೋಡಿಕೊಳ್ಳುವ ಜೆಯಂತಿ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಫರ್ಮ್‌ವೇರನ್ನು, ಅಂದರೆ ರೂಟರನ್ನು ನಡೆಸುವ ತಂತ್ರಾಂಶವನ್ನು, ತನ್ನ ಲ್ಯಾಪ್‌ಟಾಪಿನಲ್ಲಿ ಕಟ್ಟಿ, ರೂಟರ್‌ಗಳಿಗೆ ತುಂಬಿ, ಹೇಗೋ ದಿನ ದೂಡುತ್ತಿದ್ದಳು. ಈಗ ಆ ಫರ್ಮ್‌ವೇರಿನವರೂ ಈ ಮಾದರಿಯನ್ನು ಬಿಟ್ಟುಬಿಡುತ್ತೇವೆ ಎಂದರು. ಉಳಿಯಬೇಕಾದರೆ ಒಂದು ಷರತ್ತು: ಬರೆದಿಟ್ಟ ವಿವರಣೆಯನ್ನಷ್ಟೇ ಓದಿ, ಹೊಸಬರೊಬ್ಬರು ತಿಂಗಳ ಕೊನೆಯೊಳಗೆ ತಾವೇ ಕಟ್ಟಿ, ಆಯಿತೆಂದು ಅವರಿಗೆ ಬರೆದು ತಿಳಿಸಬೇಕು.

ಜೆಯಂತಿ ತಮಿಳಿನಲ್ಲಿ ಹನ್ನೊಂದು ಪುಟ ಬರೆದಳು. ಗಂಡ ತಂಗವೇಲ್, ಆಮೇಲೆ ಅಣ್ಣನ ಮಗಳು ಯುವಶ್ರೀ ಅದನ್ನಿಟ್ಟುಕೊಂಡು ಕಟ್ಟಿದರು. ಇಬ್ಬರದೂ ಮೊದಲ ಸಲಕ್ಕೇ ಆಯಿತು. ಮನೆಯವರ ಸಾಕ್ಷಿಯನ್ನು ಯಾರು ನಂಬುತ್ತಾರೆ ಎಂದು, ಪುಟಗಳನ್ನು ದಿಂಡಿಗಲ್ಲಿನ ಬೀಗದ ಅಂಗಡಿಯ ಕರುಪ್ಪಸಾಮಿಗೆ ಕಳಿಸಿದಳು. ಇಂಥದ್ದನ್ನು ಕಲಿಯಬೇಕೆಂದು ಅವನೇ ಕೇಳಿಕೊಂಡಿದ್ದ. ಅವನ ಮೊದಲ ರೂಟರ್ ಫರ್ಮ್‌ವೇರ್ ತುಂಬಿದ ಮೇಲೆ ದೀಪವೇ ಹತ್ತದೆ ಸತ್ತಿತು. ಎರಡನೆಯದೂ ಸತ್ತಿತು. ಈ ಮನುಷ್ಯನಿಗೆ ಓದಲು ಬರುವುದಿಲ್ಲವೇನೋ ಎಂದು ಅವಳಿಗೆ ಸಿಟ್ಟು ಬಂತು. ತಪ್ಪು ತನ್ನದಿರಬಹುದೆಂಬ ಅನುಮಾನ ಅವಳ ಹತ್ತಿರವೂ ಸುಳಿಯಲಿಲ್ಲ. ತಿಂಗಳು ಮುಗಿಯಲು ಐದು ದಿನ ಉಳಿದಿರುವಾಗ ಬಸ್ಸು ಹತ್ತಿ, ಬತ್ತಲಗುಂಡು ದಾಟಿ, ದಿಂಡಿಗಲ್ಲಿಗೆ ಹೋದಳು.

ಕರುಪ್ಪಸಾಮಿ ಗಟ್ಟಿಯಾಗಿ ಓದುತ್ತ ಕೆಲಸ ಮಾಡಿದ. ನಾಲ್ಕನೇ ಪುಟದಲ್ಲಿ ನಿಂತ. ಪಟ್ಟಿಯಲ್ಲಿ ಒಂದೇ ಹೆಸರಿನ ಎರಡು ರೂಟರ್‌ಗಳಿವೆ, ಯಾವುದನ್ನು ಆರಿಸಲಿ ಎಂದು ತಮಿಳಿನಲ್ಲಿ ಕೇಳಿದ.

“ಪೆಟ್ಟಿ ತಿರುಗ್ಸಿ ಅಡಿಯಾಗೆ ನೋಡೇ, ನಂಬರ್ ಐತೆ,” ಎಂದಳು ಜೆಯಂತಿ.

ಕನ್ನಡ ತಿಳಿಯದ ಅವನು ಮಿಕಿಮಿಕಿ ನೋಡಿದ. ಯುವಶ್ರೀಯೂ ಇದನ್ನೇ ಕೇಳಿದ್ದಳು. ಅವಳಿಗೆ ಕೊಟ್ಟ ಉತ್ತರವೇ ಈಗಲೂ ಹಾಗೇ ಮನೆಯ ಕನ್ನಡದಲ್ಲಿ ಬಾಯಿಂದ ಬಂದಿತ್ತು. ಜೆಯಂತಿಗೆ ಅಲ್ಲೇ ಹೊಳೆಯಿತು. ಅವರ ಮನೆಗಳಲ್ಲಿ ಆಡುವುದು ಕನ್ನಡ, ಬರೆಯುವುದೆಲ್ಲ ತಮಿಳು. ಕನ್ನಡದಲ್ಲಿ ಆಡಿದ್ದನ್ನು ಕಾಗದಕ್ಕಿಳಿಸುವ ರೂಢಿಯೇ ಯಾರಿಗೂ ಇಲ್ಲ. ಗಂಡನೂ ಯುವಶ್ರೀಯೂ ತೊಡಕಾದಲ್ಲೆಲ್ಲ ಕೇಳಿದ್ದರು, ಅವಳು ಒಲೆಯ ಮುಂದಿನಿಂದಲೇ ಉತ್ತರ ಕೊಟ್ಟಿದ್ದಳು, ಪುಟಗಳಲ್ಲಿ ಮಾತ್ರ ಬರೆದಿರಲಿಲ್ಲ. ಅದು ಹೇಳಿಕೊಟ್ಟದ್ದು ಎಂದು ಮೂವರಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಆಮೇಲೆ ಅವಳು ಬಾಯಿ ಬಿಡಲಿಲ್ಲ. ಅವನು ನಿಂತಲ್ಲೆಲ್ಲ ಉತ್ತರವನ್ನು ತಮಿಳಿನಲ್ಲಿ ಬರೆದು ಕೊಟ್ಟಳು. ಸಂಜೆಯ ಹೊತ್ತಿಗೆ ಪುಟಗಳು ಹತ್ತೊಂಬತ್ತಾದವು, ರೂಟರಿನ ದೀಪ ಹತ್ತಿತು. ಆದರೆ ಬರೆದವಳೇ ಪಕ್ಕದಲ್ಲಿ ಕೂತಿದ್ದ ಮೇಲೆ ಕರುಪ್ಪಸಾಮಿಯ ಸಾಕ್ಷಿ ನಡೆಯುವುದಿಲ್ಲ.

ಮರುದಿನ ಬೆಳಿಗ್ಗೆ ಅವನು ಪಕ್ಕದ ಜೆರಾಕ್ಸ್ ಅಂಗಡಿಯ ಮಾರಿಯಮ್ಮಾಳನ್ನು ಕರೆದು, ಹೊಸ ಪುಟಗಳನ್ನೂ ಇನ್ನೊಂದು ರೂಟರನ್ನೂ ಕೈಗೆ ಕೊಟ್ಟು ಕೂರಿಸಿದ. ಜೆಯಂತಿಯನ್ನು ಎದುರಿನ ಟೀ ಅಂಗಡಿಗೆ ಅಟ್ಟಿದ. ಕರೆಯುವವರೆಗೆ ಈ ಕಡೆ ಬರಕೂಡದು ಎಂದ.

ನಾಲ್ಕನೇ ಪುಟಕ್ಕಾದರೂ ಕರೆಯುತ್ತಾರೆ ಎಂದುಕೊಂಡಳು. ಕರೆಯಲಿಲ್ಲ. ಹನ್ನೆರಡಾಯಿತು, ಎರಡಾಯಿತು. ಈ ರೂಟರೂ ಸತ್ತಿದೆ, ಹೇಳಲು ಮುಖವಿಲ್ಲದೆ ಒಳಗೇ ಕೂತಿದ್ದಾರೆ ಎಂದು ಖಾತ್ರಿಯಾಯಿತು. ಊರಿನವರಿಗೆ ಏನು ಹೇಳುವುದೆಂದು ಯೋಚಿಸುತ್ತ ನಾಲ್ಕನೇ ಟೀ ಕುಡಿದಳು.

ಮೂರು ಗಂಟೆಗೆ ಮಾರಿಯಮ್ಮಾಳ್ ಟೀಗೆಂದು ಫ್ಲಾಸ್ಕ್ ಹಿಡಿದು ಬಂದಳು. ಏನಾಯಿತೆಂದು ಜೆಯಂತಿ ಎದ್ದು ನಿಂತು ಕೇಳಿದಳು.

“ಅದು ಒಂದು ಗಂಟೆಗೇ ಆಗೋಯ್ತಲ್ಲಮ್ಮಾ, ಫರ್ಮ್‌ವೇರಿನವರಿಗೆ ಬರೆದೂ ಕಳಿಸ್ದೆ,” ಎಂದಳು ಮಾರಿಯಮ್ಮಾಳ್ ತಮಿಳಿನಲ್ಲಿ. “ನೀವು ಇಲ್ಲಿ ಕೂತಿರೋದೇ ಮರ್ತುಹೋಯ್ತು.”

ಜೆಯಂತಿಗೆ ಒಂದು ಕ್ಷಣ ಚುರ್ರೆಂದಿತು. ಆಮೇಲೆ ನಿರಾಳವಾಗಿ, ಕಣ್ಣು ತುಂಬಿ, ಮತ್ತೆ ಬೆಂಚಿನ ಮೇಲೆ ಕೂತಳು.